ಶಿಂಗಲ್ಸ್‌ಗಿಂತ ಮೊದಲೇ ಗಾಳಿ ಬಂದರೆ

ಪ್ರಶ್ನೆ: ತಲಘಟ್ಟಪುರದ ಬಳಿ ಮನೆ ಕಟ್ಟಿಸುತ್ತಿದ್ದೇವೆ. ಎರಡನೇ ಮಹಡಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ, 18 ಮಿ.ಮೀ. ಪ್ಲೈ ಹೊದಿಸಿ ಇಳಿಜಾರು ಮಾಡು ಮಾಡಿಸಿದ್ದೇವೆ. ಅದರ ಮೇಲೆ ಹಂಚಿನಂತೆ ಹೊದಿಸುವ ಶಿಂಗಲ್ಸ್ ಬರುವುದು ಇನ್ನೂ ಹದಿನೈದು ದಿನ ತಡ. ಪ್ಲೈ ನೆನೆಯದಿರಲೆಂದು ಸಿಂಥೆಟಿಕ್ ಅಂಡರ್‌ಲೇ ಹಾಳೆ ಹಾಸಿ ಸ್ಟೇಪಲ್ ಹೊಡೆದಿದ್ದರು. ಕಳೆದ ವಾರ ಸಂಜೆಯ ಗಾಳಿಗೆ ಅರ್ಧ ಹಾಳೆ ಕಿತ್ತುಕೊಂಡು ಪಕ್ಕದ ಖಾಲಿ ನಿವೇಶನಕ್ಕೆ ಬಿತ್ತು. ಮತ್ತೆ ಹಾಸಿ ಮೇಲೆ ಸಿಮೆಂಟ್ ಬ್ಲಾಕ್ ಇಟ್ಟರಾಯಿತು ಎಂದು ಮೇಸ್ತ್ರಿ ಹೇಳುತ್ತಾರೆ. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಮುಗಿಯಬೇಕು. ಬ್ಲಾಕ್ ಇಟ್ಟರೆ ಸಾಕೇ?

ಉತ್ತರ: ಬ್ಲಾಕ್ ಬೇಡ, ದಯವಿಟ್ಟು ಬೇಡ. ಕೆಲಸಕ್ಕೆ ಇಳಿದ ಹೊಸತರಲ್ಲಿ ನಾನೂ ಒಂದು ಮಾಡಿನ ಮೇಲೆ ಹೀಗೆ ಬ್ಲಾಕ್ ಇಡಿಸಿದ್ದೆ. ರಾತ್ರಿಯ ಗಾಳಿಗೆ ಹಾಳೆ ಪಟಪಟನೆ ಬಡಿದು, ಎರಡು ಬ್ಲಾಕ್ ಜಾರಿ ಕಾಂಪೌಂಡಿನೊಳಗೆ ಬಿದ್ದವು. ಬೆಳಿಗ್ಗೆ ಹೋದಾಗ ಕಾವಲುಗಾರನ ಮಗು ಅದೇ ಜಾಗದಲ್ಲಿ ಆಡುತ್ತಿತ್ತು. ಅಂದಿನಿಂದ ಇಳಿಜಾರಿನ ಮೇಲೆ ಬಿಡಿ ಭಾರ ಇಡಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ.

ಅಪಾಯದ ಮಾತು ಬಿಟ್ಟರೂ ಭಾರದ ಲೆಕ್ಕ ಕೂಡುವುದಿಲ್ಲ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು ಅದರ ವರ್ಗವನ್ನು 0.6ರಿಂದ ಗುಣಿಸಿದರೆ, ಒಂದು ಚದರ ಮೀಟರ್ ಮೇಲಿನ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿ, ಅಂದರೆ ಸೆಕೆಂಡಿಗೆ 15 ಮೀಟರ್, 135 ನ್ಯೂಟನ್ ಒತ್ತುತ್ತದೆ. ಸುಮಾರು 14 ಕಿಲೋ ಭಾರಕ್ಕೆ ಸಮ. ಅಂಥ ಗಾಳಿ ಹತ್ತು ಚದರ ಮೀಟರ್ ಹಾಳೆಯ ಅಡಿಗೆ ನುಗ್ಗಿದರೆ 140 ಕಿಲೋ ಎತ್ತುವ ಬಲ. ನಿಮ್ಮ ಸಿಂಥೆಟಿಕ್ ಹಾಳೆ ಚದರ ಮೀಟರಿಗೆ ಕಾಲು ಕಿಲೋ ಕೂಡ ತೂಗುವುದಿಲ್ಲ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ನಿಗದಿ ಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಕರಾವಳಿಯ ಚಂಡಮಾರುತದ ಊರುಗಳಿಗಿಂತ ಇದು ಕಡಿಮೆಯೇ. ಆದರೂ ಆ ವೇಗದಲ್ಲಿ ಚದರ ಮೀಟರಿಗೆ 66 ಕಿಲೋ ದಾಟುತ್ತದೆ. ಎಷ್ಟು ಬ್ಲಾಕ್ ಇಡುತ್ತೀರಿ?

ಹಾಳೆ ಹೇಗೆ ಕಿತ್ತುಹೋಯಿತು ಎಂಬುದನ್ನೂ ತಿಳಿಯಬೇಕು. ಗಾಳಿ ಮಾಡನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಈ ಹೀರುವಿಕೆ ಸೂರಿನ ಅಂಚು, ಪಕ್ಕದ ಅಂಚು, ರಿಡ್ಜ್ (ಎರಡು ಇಳಿಜಾರು ಕೂಡುವ ನೆತ್ತಿ) ಮತ್ತು ಮೂಲೆಗಳಲ್ಲಿ ಅತಿ ಜೋರು. ಅಲ್ಲೊಂದು ಅಂಚು ಸಡಿಲವಿದ್ದರೆ ಗಾಳಿ ಒಳಗೆ ತೂರಿ ಹಾಳೆ ದೋಣಿಯ ಹಾಯಿಯಂತೆ ಉಬ್ಬುತ್ತದೆ. ಸ್ಟೇಪಲ್‌ನ ತಂತಿ ಸಪೂರ. ಬಡಿತಕ್ಕೆ ಅದು ಕೀಳುವ ಮೊದಲೇ ಸುತ್ತಲಿನ ಹಾಳೆ ಹರಿಯುತ್ತದೆ. ಒಂದು ಬಿಟ್ಟರೆ ಅದರ ಪಾಲಿನ ಬಲ ಪಕ್ಕದ್ದರ ಮೇಲೆ ಬೀಳುತ್ತದೆ, ಅದೂ ಬಿಡುತ್ತದೆ. ಹಾಳೆಯ ಅರ್ಧ ಭಾಗ ಒಮ್ಮೆಗೇ ಹೋದದ್ದು ಹೀಗೆ.

ಆದ್ದರಿಂದ ಸ್ಟೇಪಲ್ ಬಿಟ್ಟು ಟೊಪ್ಪಿ ಇರುವ ಮೊಳೆ ಹೊಡೆಸಿ. ಕನಿಷ್ಠ ಒಂದು ಅಂಗುಲ ಅಗಲದ ಪ್ಲಾಸ್ಟಿಕ್ ಅಥವಾ ತಗಡಿನ ಬಿಲ್ಲೆಯಿರುವ ಕ್ಯಾಪ್ ಮೊಳೆಗಳು ಸಿಗುತ್ತವೆ. ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಇಲ್ಲದಿದ್ದರೆ ಗ್ಯಾಲ್ವನೈಸ್ಡ್ ಮೊಳೆಗೆ ತೆಳುವಾದ ತಗಡಿನ ಬಿಲ್ಲೆ ಸೇರಿಸಬಹುದು. ದಪ್ಪ ವಾಷರ್ ಬೇಡ, ನಾಳೆ ಅದರ ಮೇಲೆ ಶಿಂಗಲ್ ಉಬ್ಬಿ ನಿಲ್ಲುತ್ತದೆ. ಶಿಂಗಲ್ಸ್ ಹೆಚ್ಚು ಬಳಕೆಯಲ್ಲಿರುವ ಅಮೆರಿಕದಲ್ಲಿ, ಜೋರು ಗಾಳಿಯ ಪ್ರದೇಶಗಳಿಗೆ ಒಂದು ಹಾಳೆ ಇನ್ನೊಂದರ ಮೇಲೆ ಬರುವ ಜೋಡಿನುದ್ದಕ್ಕೂ 6 ಅಂಗುಲಕ್ಕೊಂದು, ಉಳಿದ ಕಡೆ 12 ಅಂಗುಲದ ಚೌಕಕ್ಕೊಂದು ಮೊಳೆ ಎಂಬ ಕ್ರಮವಿದೆ. ನಿಮ್ಮ ಮಾಡಿಗೂ ಅದನ್ನೇ ಅನುಸರಿಸಿ. ಒಂದೆರಡು ಡಬ್ಬ ಮೊಳೆ ಹೆಚ್ಚಾಗಬಹುದು. ನೆನೆದ ಪ್ಲೈ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಾಸುವುದು ಸೂರಿನಿಂದ ಮೇಲಕ್ಕೆ. ಮೇಲಿನ ಸಾಲು ಕೆಳಗಿನದನ್ನು ಮುಚ್ಚಬೇಕು. ಅಡ್ಡ ಜೋಡು 4 ಅಂಗುಲ, ಉದ್ದದ ಕೊನೆಗಳು ಸೇರುವಲ್ಲಿ 6 ಅಂಗುಲ ಇರಲಿ. ಹಾಳೆಯ ಮೇಲೆ ತಯಾರಕರು ಇದಕ್ಕಿಂತ ಹೆಚ್ಚಿನ ಜೋಡಿಗೆ ಗೆರೆ ಹಾಕಿದ್ದರೆ ಅದೇ ಅಂತಿಮ. ಕೊನೆಗಳು ಸೇರುವ ಜೋಡಿನ ಬಾಯಿ ಪಶ್ಚಿಮಕ್ಕೆ ತೆರೆದಿರಬಾರದು, ಏಕೆಂದರೆ ಜೂನ್ ತಿಂಗಳಿನಿಂದ ನಮ್ಮಲ್ಲಿ ಗಾಳಿ ಬಿಡದೆ ಬೀಸುವುದು ಆ ಕಡೆಯಿಂದ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಇಂಥದೇ ದಿಕ್ಕು ಎಂಬುದಿಲ್ಲ, ಹಾಗಾಗಿ ನಾಲ್ಕೂ ಅಂಚು ಭದ್ರವಾಗಬೇಕು. ಹಾಳೆಯ ಕೊನೆಯನ್ನು ರಿಡ್ಜ್‌ನಲ್ಲೇ ಕತ್ತರಿಸಿ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗೆ ಮಾಡದೆ ಅರ್ಧ ಅಡಿ ಆಚೆ ಬದಿಗೆ ಮಡಿಚಿ ಮೊಳೆ ಹೊಡೆಸಿ.

ಅಂಚಿನ ತಗಡನ್ನು ಈಗಲೇ ಹಾಕಿಸಿ, ಶಿಂಗಲ್ಸ್ ಬರಲಿ ಎಂದು ಕಾಯಬೇಡಿ. ಸೂರಿನಲ್ಲಿ ತಗಡು ಕೆಳಗೆ, ಹಾಳೆ ಮೇಲೆ. ನೀರು ತಗಡಿನ ಮೇಲೆ ಹರಿದು ಹೊರಗೆ ಬೀಳುತ್ತದೆ. ಇಳಿಜಾರಿನ ಪಕ್ಕದ ಅಂಚುಗಳಲ್ಲಿ ಇದಕ್ಕೆ ವಿರುದ್ಧ: ಹಾಳೆ ಕೆಳಗೆ, ತಗಡು ಮೇಲೆ. ಹೀಗೆ ಹಾಕಿದ ತಗಡು ಹಾಳೆಯ ಅಂಚನ್ನು ಉದ್ದಕ್ಕೂ ಅಮುಕಿ ಹಿಡಿಯುತ್ತದೆ. ಗಾಳಿಗೆ ಬಾಯಿ ಸಿಗುವುದಿಲ್ಲ.

ಹದಿನೈದು ದಿನ ಕಾಯಬೇಕಾದ್ದರಿಂದ ಇಷ್ಟರ ಮೇಲೆ ತಾತ್ಕಾಲಿಕ ರೀಪರ್ ಕೂಡ ಹಾಕಿಸಿ. ಒಂದಕ್ಕೆ ಎರಡು ಅಂಗುಲದ ಮರದ ರೀಪರನ್ನು ಎರಡು ಅಡಿಗೊಂದರಂತೆ ಸ್ಕ್ರೂನಿಂದ ಬಿಗಿಯಬೇಕು; ಆಮೇಲೆ ಬಿಚ್ಚಲು ಸುಲಭ. ರೀಪರ್ ಮೇಲಿನಿಂದ ಕೆಳಕ್ಕೆ ನೀರು ಹರಿಯುವ ದಿಕ್ಕಿನಲ್ಲೇ ಇರಲಿ. ಅಡ್ಡ ಹಾಕಿದರೆ ಪ್ರತಿಯೊಂದರ ಹಿಂದೆಯೂ ನೀರು ನಿಂತು ಸ್ಕ್ರೂ ತೂತಿನಲ್ಲಿ ಇಳಿಯುತ್ತದೆ. ಬಿಚ್ಚಿದ ದಿನವೇ ತೂತುಗಳಿಗೆಲ್ಲ ಸೀಲೆಂಟ್ ತುಂಬಿಸಿ.

ಈಗ ಹರಿದಿರುವ ಹಾಳೆಯನ್ನು ಮತ್ತೆ ಹಾಸಬೇಡಿ. ಪ್ಲೈ ಒದ್ದೆಯಾಗಿದ್ದರೆ ಮೊದಲು ಬಿಸಿಲಿಗೆ ಒಣಗಬೇಕು. ನೆನೆದ ಪ್ಲೈ ಮೇಲೆ ಹೊಸ ಹಾಳೆ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಒಣಗಲು ಬಿಟ್ಟು, ಸಂಜೆಯೊಳಗೆ ಅಂಚು ಸಮೇತ ಮುಗಿಸಲು ಸಾಧ್ಯವಿರುವಷ್ಟೇ ಭಾಗವನ್ನು ಹಾಸಿಸಿ. ಅರ್ಧ ಮೊಳೆ ಹೊಡೆದು ‘ನಾಳೆ ನೋಡೋಣ’ ಎಂದು ಇಳಿದುಬಂದ ಹಾಳೆಯೇ ಹಾರುವುದು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆ ಕೊಡುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ನೋಡಿ ಮುಂದಿನ ಸಾಲು ಬಿಚ್ಚುವುದೋ ಬೇಡವೋ ತೀರ್ಮಾನಿಸಿ.

ಗಾಳಿ ಎದ್ದ ಮೇಲೆ ಹಾಳೆ ಹಿಡಿಯಲು ಯಾರನ್ನೂ ಮೇಲೆ ಹತ್ತಿಸಬೇಡಿ. ಹಾಳೆ ಹೋದರೆ ಹೋಗಲಿ. ಅದು ವಿದ್ಯುತ್ ತಂತಿಯ ಮೇಲೆ ಬಿದ್ದರೆ ಕೋಲಿನಿಂದಲೂ ಎಳೆಯದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮದು ಯಲಹಂಕದಲ್ಲಿ. ಪ್ಲೈ ಬದಲು ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿದ್ದೇವೆ. ಹಾಳೆಗೆ ಮೊಳೆ ಹೊಡೆಯಬಹುದೇ? ಶಿಂಗಲ್ಸ್ ಇಲ್ಲದೆ ಹಾಳೆ ಎಷ್ಟು ದಿನ ಬಾಳುತ್ತದೆ?

ಉತ್ತರ: ಆ ಬೋರ್ಡಿನಲ್ಲಿ ಮೊಳೆ ಪ್ಲೈನಲ್ಲಿ ಕಚ್ಚಿದಂತೆ ಕಚ್ಚುವುದಿಲ್ಲ, ಎಳೆತಕ್ಕೆ ಜಾರಿ ಬರುತ್ತದೆ. ಬಿಲ್ಲೆ ಸೇರಿಸಿದ ಸ್ಕ್ರೂ ಹಾಕಿಸಿ. ಬೋರ್ಡಿನ ಅಂಚಿಗೆ ತೀರಾ ಹತ್ತಿರ ಬೇಡ, ಒಡೆಯುತ್ತದೆ. ಶಿಂಗಲ್ಸ್‌ಗೆ ಯಾವ ಸ್ಕ್ರೂ ಅಥವಾ ಮೊಳೆ ಎಂಬುದನ್ನೂ ಈಗಲೇ ಬೋರ್ಡ್ ತಯಾರಕರಿಂದ ಬರಹದಲ್ಲಿ ಪಡೆಯಿರಿ. ಹಾಳೆ ಬಿಸಿಲಿನಲ್ಲಿ ಎಷ್ಟು ದಿನ ಇರಬಹುದೆಂಬುದು ಅದರ ಜೊತೆಗಿನ ತಾಂತ್ರಿಕ ಮಾಹಿತಿಯಲ್ಲಿ ಇರುತ್ತದೆ, ಒಂದೊಂದು ಉತ್ಪನ್ನಕ್ಕೆ ಒಂದೊಂದು ಮಿತಿ. ಕಪ್ಪು ಡಾಂಬರು ಫೆಲ್ಟ್ ಆಗಿದ್ದರೆ ಹೆಚ್ಚು ದಿನ ಬಿಡಲೇಬೇಡಿ. ನೆನೆದು ಒಣಗಿ ಸುಕ್ಕುಗಟ್ಟುತ್ತದೆ, ಆ ಸುಕ್ಕು ಶಿಂಗಲ್ಸ್ ಮೇಲೂ ಎದ್ದು ಕಾಣುತ್ತದೆ.