ಪಾರ್ಕಿನ ಜಾಗದಲ್ಲಿ ಸಮುದಾಯ ಭವನ ಕಟ್ಟಬಹುದೇ?

ಓದುಗರ ಪತ್ರ: ನಮ್ಮದು ಬೆಂಗಳೂರಿನಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಬಡಾವಣೆ. ಇರುವ ಒಂದೇ ಪಾರ್ಕಿನ ಮೂಲೆಯಲ್ಲಿ ಸಮುದಾಯ ಭವನ ಕಟ್ಟುವ ಮಾತು ನಡೆದಿದೆ. ಬೇಡ ಅಂದರೆ, ‘ಅದೂ ಜನರಿಗೇ ತಾನೇ?’ ಅಂತಾರೆ. ಇಷ್ಟು ಜನಕ್ಕೆ ಇಷ್ಟು ಪಾರ್ಕ್ ಅಂತ ಲೆಕ್ಕ ಇಲ್ಲವೇ?

ಸಂಪಾದಕರ ಉತ್ತರ: ಲೆಕ್ಕ ಇದೆ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ತಂದ ಮಾರ್ಗಸೂಚಿ ಪ್ರಕಾರ ಊರಿನಲ್ಲಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಬೇಕು. 5,000 ಜನಕ್ಕೆ ಅರ್ಧ ಹೆಕ್ಟೇರ್, ಅಂದರೆ ಸುಮಾರು ಒಂದೂಕಾಲು ಎಕರೆಯ ಪಾರ್ಕ್ ಬೇಕು. ಆದರೆ ಅದು ಬರೀ ಮಾರ್ಗಸೂಚಿ. ಅದೊಂದನ್ನೇ ಹಿಡಿದು ಕಚೇರಿಗೆ ಹೋದರೆ ‘ನೋಡೋಣ’ ಅಂದು ಕಳಿಸುತ್ತಾರೆ.

ನಿಮ್ಮ ಕೈಗೆ ಅದಕ್ಕಿಂತ ಗಟ್ಟಿ ಆಧಾರ 1976ರ ಬಿಡಿಎ ಕಾಯ್ದೆ. ಬಡಾವಣೆಯ ಒಟ್ಟು ಜಾಗದಲ್ಲಿ ಶೇ. 15 ಪಾರ್ಕಿಗೆ, ಆಟದ ಮೈದಾನಕ್ಕೆ ಬಿಡಬೇಕು. ಅದಲ್ಲದೆ ಶೇ. 10 ನಾಗರಿಕ ಸೌಲಭ್ಯಕ್ಕೆ. ನಾವೆಲ್ಲ ಸಿಎ ಸೈಟ್ ಅಂತೀವಲ್ಲ, ಅದು. ಭವನ, ಶಾಲೆ, ಆಸ್ಪತ್ರೆಗೆ ಅಲ್ಲಿ ಪಾಲು ಇದೆ. ಪಾರ್ಕಿನ ಪಾಲಿಗೆ ಯಾಕೆ ಕೈ ಹಾಕಬೇಕು?

‘ಅದೂ ಜನರಿಗೇ’ ಅನ್ನುವ ಮಾತು ಹೊಸದೇನಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಆಸ್ಪತ್ರೆ ಬೇಡ ಅನ್ನೋದು ಎಷ್ಟು ಕಷ್ಟ ಅಲ್ವಾ? ಆದರೂ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನೇ ಎತ್ತಿಹಿಡಿಯಿತು. ಪಾರ್ಕ್ ಕಳೆದುಕೊಳ್ಳುವವರು ಅಲ್ಲಿನ ನಿವಾಸಿಗಳೇ, ಹಾಗಾಗಿ ಪ್ರಶ್ನಿಸುವ ಹಕ್ಕು ಅವರಿಗಿದೆ ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣ ಅಂದರೆ ಯಾವ ವಕೀಲರಿಗೂ ಗೊತ್ತಾಗುತ್ತದೆ.

‘ಒಂದು ಮೂಲೆ ಮಾತ್ರ’ ಅಂದಾಗ ಸುಮ್ನೆ ನಂಬಬೇಡಿ. ನಮ್ಮ ಮನೆ ಹತ್ತಿರದ ಪಾರ್ಕಿಗೂ ಹೀಗೇ ಒಂದು ಭವನ ಬಂತು. ಮುಹೂರ್ತದ ದಿನ ಹೋಗಿ ನೋಡಿದೆ. ಹುಲ್ಲಿನ ಮೇಲೆ ಕಾರುಗಳು. ಜಾರುಬಂಡೆಗೆ ಒರಗಿಸಿದ ಬಾಡಿಗೆ ಕುರ್ಚಿಗಳು. ಉಯ್ಯಾಲೆ ಪಕ್ಕದಲ್ಲೇ ಗುಡುಗುಡು ಅನ್ನುವ ಜನರೇಟರ್. ನಾಲ್ಕು ಹುಡುಗರು ಬ್ಯಾಟು ಹಿಡಿದು ಗೇಟಿನ ಹೊರಗೆ, ಬಸ್ಸು ಓಡಾಡುವ ರಸ್ತೆಯಲ್ಲಿ ನಿಂತಿದ್ದರು. ಕಾಗದದಲ್ಲಿ ಭವನಕ್ಕೆ ಹೋಗಿದ್ದು ಕಾಲು ಭಾಗ. ಆ ದಿನ ಮಕ್ಕಳಿಗೆ ಉಳಿದದ್ದು ಸೊನ್ನೆ. ಈಗಲೂ ಅದು ನನ್ನ ಕಣ್ಣ ಮುಂದಿದೆ.

ಮೊದಲು ಮಾಹಿತಿ ಹಕ್ಕಿನಲ್ಲಿ ಬಿಡಿಎಯಿಂದ ಮಂಜೂರಾದ ಬಡಾವಣೆ ನಕ್ಷೆ ಕೇಳಿ. ಪಾರ್ಕ್ ಎಲ್ಲಿದೆ, ಸಿಎ ಸೈಟ್ ಎಲ್ಲಿದೆ ಎಂದು ಗುರುತು ಹಾಕಿ. ಆಮೇಲೆ ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಟೇಪು ಹಿಡಿದು ಪಾರ್ಕನ್ನು ಅಳೆಯಿರಿ. ಸಿಎ ಸೈಟ್ ಖಾಲಿ ಇದ್ದರೆ ಭವನ ಅಲ್ಲೇ ಕಟ್ಟಿ ಅಂತ ಅರ್ಜಿಯಲ್ಲೇ ಬರೆಯಿರಿ. ನಕ್ಷೆಯ ಒಂದು ಪ್ರತಿ ನಮಗೂ ಕಳಿಸಿ, ಅರ್ಜಿ ಬರೆಯಲು ನಾನೂ ಜೊತೆಗಿರುತ್ತೇನೆ.