ಜಾರ್ಜಿಯನ್ ಕಾಲದ, ಅಂದರೆ ಜಾರ್ಜ್ ಹೆಸರಿನ ದೊರೆಗಳು ಆಳಿದ ಕಾಲದ ಇಂಗ್ಲೆಂಡಿನಲ್ಲಿ ಮದುವೆ ಮತ್ತು ದುಡಿಮೆಯನ್ನು ಲೇವಡಿ ಮಾಡಿದ ಚಿತ್ರಗಳು ಯಾವುವು?

ಮೊದಲು ನೋಡಬೇಕಾದವನು ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್. 1743ರ ಸುಮಾರಿಗೆ ಅವನು ಬರೆದ ‘ಮ್ಯಾರೇಜ್ ಆ-ಲಾ-ಮೋಡ್’ (ಹೊಸ ಫ್ಯಾಷನ್ನಿನ ಮದುವೆ) ಸರಣಿಯ ಆರು ವರ್ಣಚಿತ್ರಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಮೊದಲನೆಯದನ್ನು ನಿಧಾನವಾಗಿ ನೋಡಿ. ಸಂಧಿವಾತದ ಕಾಲನ್ನು ಪೀಠದ ಮೇಲಿಟ್ಟುಕೊಂಡ ಅರ್ಲ್ (ಕುಲೀನ ಪದವಿಯವನು) ತನ್ನ ವಂಶವೃಕ್ಷವನ್ನು ತೋರಿಸುತ್ತಿದ್ದಾನೆ. ಎದುರಿಗೆ ಸಿರಿವಂತ ವರ್ತಕ ಕನ್ನಡಕ ಏರಿಸಿ ಇಬ್ಬರ ಮಕ್ಕಳ ಮದುವೆಯ ಕರಾರುಪತ್ರ ಓದುತ್ತಿದ್ದಾನೆ. ಒಬ್ಬನಿಗೆ ಹಣ ಬೇಕು, ಇನ್ನೊಬ್ಬನಿಗೆ ಮನೆತನ. ಮದುಮಗ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಾನೆ. ಅವನಿಗೆ ಬೆನ್ನು ತಿರುಗಿಸಿದ ಮದುಮಗಳು ಉಂಗುರವನ್ನು ಕರವಸ್ತ್ರಕ್ಕೆ ಪೋಣಿಸಿಕೊಂಡು ಕೂತಿದ್ದಾಳೆ, ವಕೀಲ ಅವಳ ಕಿವಿಯಲ್ಲಿ ಪಿಸುಗುಡುತ್ತಿದ್ದಾನೆ. ಪಕ್ಕದಲ್ಲೇ ಒಂದೇ ಸರಪಳಿಗೆ ಬಿಗಿದ ಎರಡು ನಾಯಿಗಳು!

ದುಡಿಮೆಯ ಕುರಿತದ್ದು 1747ರ ‘ಇಂಡಸ್ಟ್ರಿ ಅಂಡ್ ಐಡಲ್‌ನೆಸ್’ (ದುಡಿಮೆ ಮತ್ತು ಸೋಮಾರಿತನ), 12 ಅಚ್ಚುಚಿತ್ರಗಳು. ನೇಕಾರನ ಬಳಿ ಕೆಲಸ ಕಲಿಯಲು ಬಂದ ಇಬ್ಬರು ಹುಡುಗರಲ್ಲಿ ಶ್ರಮಜೀವಿ ಯಜಮಾನನ ಮಗಳನ್ನೇ ಮದುವೆಯಾಗಿ ಲಂಡನ್ನಿನ ಲಾರ್ಡ್ ಮೇಯರ್ ಆಗುತ್ತಾನೆ. ಸೋಮಾರಿ, ಲಂಡನ್ನಿನಲ್ಲಿ ಅಪರಾಧಿಗಳನ್ನು ಗಲ್ಲಿಗೇರಿಸುತ್ತಿದ್ದ ಟೈಬರ್ನ್‌ನ ನೇಣುಗಂಬ ಸೇರುತ್ತಾನೆ. ಉಪದೇಶ ತುಸು ಹೆಚ್ಚೇ ಆಯಿತು ಎನ್ನಿಸುತ್ತದೆ. ಆದರೆ ಎಂಟನೆಯ ಚಿತ್ರದಲ್ಲಿ, ಶ್ರಮಜೀವಿ ಶೆರಿಫ್ (ನಗರದ ಒಬ್ಬ ಅಧಿಕಾರಿ) ಆದಾಗಿನ ಔತಣದಲ್ಲಿ, ಅತಿಥಿಗಳು ಗಬಗಬನೆ ಮುಕ್ಕುತ್ತಿರುವುದನ್ನು ನೋಡಿದರೆ ಹೊಗಾರ್ತ್‌ನ ಕುಚೋದ್ಯ ಗೆದ್ದವರನ್ನೂ ಬಿಟ್ಟಿಲ್ಲ.