ನಿನ್ನೆ ತನಕ ಆರಾಮಿದ್ದ ಬಾಲ್ ಪೈಥಾನ್ ಇವತ್ತ ಸತ್ತೈತಿ, ನಂದೇನು ತಪ್ಪಾತು?

ಎರಡರಾಗ ಒಂದು ಹಾವು ಹೋದ ವಾರ ಇಲಿ ತಿಂದಿತ್ತು, ಮೈಮ್ಯಾಲೆ ಗಾಯ ಇಲ್ಲ, ಮುಂಜಾನೆ ನೋಡಿದ್ರ ಸತ್ತಿತ್ತು ಅಂತ ಬರದೀರಿ. ಓದಿ ಭಾಳ ಸಂಕಟ ಆತ್ರಿ. ಮೊದಲ ಒಂದು ಮಾತು, ಇನ್ನೂ ಹುಗದಿಲ್ಲಂದ್ರ ಹುಗೀಬ್ಯಾಡ್ರಿ. ಚೀಲದಾಗ ಕಟ್ಟಿ ಫ್ರಿಜ್‌ನ್ಯಾಗ ಇಡ್ರಿ, ಫ್ರೀಜರ್‌ನ್ಯಾಗ ಬ್ಯಾಡ, ಬರ್ಫ್ ಆದ್ರ ಒಳಗಿನ ಜೀವಕೋಶ ಒಡದು ಪರೀಕ್ಷೆ ಕೆಡ್ತೈತಿ. ಗದಗ ಇಲ್ಲಾ ಬೀದರ್ ವೆಟರ್ನರಿ ಕಾಲೇಜಿಗೆ ಫೋನ್ ಹಚ್ಚಿ ಪೋಸ್ಟ್‌ಮಾರ್ಟಮ್ ಮಾಡ್ತಾರೇನು ಕೇಳ್ರಿ, ಒಂದು ದಿನದೊಳಗ ಆದ್ರ ಚಲೋ.

ಯಾಕ ಇಷ್ಟು ಅವಸರ ಮಾಡಾಕತ್ತೀನಂದ್ರ ಬಾಗಲಕೋಟ್ಯಾಗ ನಂದೂ ಒಂದು ಹಿಂಗ ಹೋಗಿತ್ತು, ಪಂಚಮಿಗೆ ನಾಗಪ್ಪಗ ಹಾಲೆರಿಯೋ ನಮ್ಮವ್ವ ಅಳಕೋಂತ ಅರಿಷಿಣ ಕುಂಕುಮ ಹಚ್ಚಿದ್ಲು, ಅವತ್ತ ರಾತ್ರಿನ ಬೇವಿನ ಗಿಡದ ಬುಡಕ ಹುಗದ್ವಿ. ಎರಡು ತಿಂಗಳಿಗೆ ಇನ್ನೊಂದೂ ಹೋತು. ಅದನ್ನ ಕೊಯ್ಸಿದಾಗ ಲಂಗ್ಸ್ ತುಂಬ ಲೋಳಿ ಇತ್ರಿ. ಮೊದಲನೇದನ್ನ ಕೊಯ್ಸಿದ್ರ ಎರಡನೇದು ಉಳೀತಿತ್ತೇನೋ, ಇವತ್ತಿಗೂ ಅದ ಕೊರೀತೈತಿ.

ಹಾವು ಬ್ಯಾನಿ ತೋರ್ಸೂದಿಲ್ರಿ. ಅಡವ್ಯಾಗ ಸೊರಗಿದ್ದು ಕಂಡ್ರ ಹದ್ದು ಮುಂಗಸಿ ಬಿಡೂದಿಲ್ಲ, ಅದಕ್ಕ ಕಡೀತನಕ ಮುಚ್ಚಿಟ್ಟಕೊಂತಾವು. ಉಪವಾಸ ಬಿದ್ರ ಗೊತ್ತಾಗ್ತೈತಿ ಅಂದ್ರ ಅದೂ ಇಲ್ಲ, ಬಾಲ್ ಪೈಥಾನ್ ಆರಾಮಿದ್ರೂ ತಿಂಗಳಗಟ್ಟಲೆ ತಿನ್ನದ ಇರ್ತಾವು. ಪೈಥಾನ್‌ಗೆ ಲಂಗ್ಸ್‌ಗೆ ಬಡಿಯೋ ನಿಡೋವೈರಸ್ ಐತಿ, ಕೆಲವು ಅದನ್ನ ಹೊತ್ಕೊಂಡು ಏನೂ ಆಗದವರಂಗ ಓಡಾಡ್ತಾವು. ಬೋವಾ ಅನ್ನೋ ಬ್ಯಾರೆ ಜಾತಿ ಹಾವಿನ್ಯಾಗ ಇನ್‌ಕ್ಲೂಷನ್ ಬಾಡಿ ಡಿಸೀಸ್ ಅನ್ನೋ ವೈರಸ್ ರೋಗ ವರ್ಷಗಟ್ಟಲೆ ಸುಮ್ಮನ ಕುಂತಿರ್ತೈತಿ, ಅದ ಪೈಥಾನ್‌ಗೆ ಬಂದ್ರ ನರಕ್ಕ ಏರಿ ಲಗೂನ ಕೊಲ್ತೈತಿ, ಅದಕ್ಕ ಎರಡನ್ನೂ ಒಂದ ರೂಮಿನ್ಯಾಗ ಇಡಬಾರ್ದು. ಇನ್ನ ನಮ್ಮ ಕಡೆ ಡಿಸೆಂಬರ್ ರಾತ್ರಿ ಕರೆಂಟ್ ಹೋಗಿ ಹೀಟ್ ಮ್ಯಾಟ್ ಬಂದ್ ಆಗ್ತೈತಲ್ಲ, ಬಿಸಿ ಕಡೆ 31-32 ಡಿಗ್ರಿ ಬೇಕಾದ ಜೀವ ಥಂಡಿಗೆ ಬಿದ್ರ ರೋಗ ತಡಿಯೋ ಶಕ್ತಿನ ಕುಗ್ತೈತಿ, ಒಳಗ ಕುಂತಿದ್ದ ರೋಗ ಆವಾಗ ಏಳ್ತೈತಿ. ನಿಮ್ಮ ತಪ್ಪೋ ಅಲ್ಲೋ ಅನ್ನೂದು ಕೊಯ್ದ ಮ್ಯಾಲೆ ತಿಳೀತೈತಿ, ಅಲ್ಲೀತನಕ ನಿಮ್ಮನ್ನ ನೀವು ಬೈಕೋಬ್ಯಾಡ್ರಿ.

ಹಾವನ್ನ ಕೇಂದ್ರ ಪರಿಸರ ಇಲಾಖೆ ಪರಿವೇಶ್ ಪೋರ್ಟಲ್‌ನ್ಯಾಗ ರಿಜಿಸ್ಟರ್ ಮಾಡ್ಸಿದ್ರ ಸತ್ತದ್ದನ್ನೂ ಅಲ್ಲೇ ತಿಳಿಸ್ರಿ.

ಉಳಿದದ್ದನ್ನ ಬ್ಯಾರೆ ರೂಮಿಗೆ ಒಯ್ರಿ, ನೀರಿನ ಬಟ್ಟಲ, ಚಿಮಟ ಅದಕ್ಕ ಬ್ಯಾರೆ ಇರಲಿ. ಬಟ್ಟಲದಾಗ ಕರೀ ಚುಕ್ಕಿ ತೇಲಿದ್ರ ಅವು ಮೈಟ್ಸ್, ಅಂದ್ರ ರಕ್ತ ಹೀರೋ ಸಣ್ಣ ಹುಳ ಇರಬಹುದು. ವಾರಕ್ಕೊಮ್ಮೆ ಅಡಗಿ ಮನಿ ತಕ್ಕಡ್ಯಾಗ ಗ್ರಾಂ ಲೆಕ್ಕದಾಗ ತೂಕ ಬರದಿಡ್ರಿ, ಡಾಕ್ಟರ್‌ಗೆ ಬಾಯಿ ಸ್ವಾಬ್ ತಗದು ಪಿಸಿಆರ್ ಮಾಡ್ಸಾಕ ಆಗ್ತದೇನು ಕೇಳ್ರಿ. ಇವತ್ತ ರಾತ್ರಿನ ಟಾರ್ಚ್ ಹಿಡದು ಮೂಗು ಬಾಯಿ ನೋಡ್ರಿ, ಗುಳ್ಳಿ ಬರಾಕತ್ತಿದ್ರ, ತಲಿ ಮ್ಯಾಲೆತ್ತಿ ಬಾಯಿ ತೆಗದು ಉಸಿರಾಡಾಕತ್ತಿದ್ರ ಒಂದಿನಾನೂ ಕಾಯಬ್ಯಾಡ್ರಿ.